ಆಯಿಲ್ ಸೀಲ್ ಬದಲಿಸಿದರೂ ಬಲಗಡೆಯ ಫೋರ್ಕ್ ಸೋರುತ್ತಿದೆ, ಬೈಕಿನ ಮುಂಭಾಗ ಕಲ್ಲಿನಂತಾಗಿದೆ

ದಾರಿಹೋಕ:
ನಮಸ್ಕಾರ. ಎರಡು ವಾರಗಳ ಹಿಂದೆ ನನ್ನ ಟೂರಿಂಗ್ ಬೈಕಿನ ಮುಂದಿನ ಚಕ್ರ ಹಿಡಿದು ಏಟು ಹೀರುವ ಎರಡೂ ಫೋರ್ಕ್‌ಗಳನ್ನು ನಾನೇ ಬಿಚ್ಚಿ, ಆಯಿಲ್ ಸೀಲ್ (ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರ), ಡಸ್ಟ್ ಸೀಲ್ (ಧೂಳು ತಡೆಯುವುದು) ಹಾಗೂ ಪೈಪ್ ಜಾರುವ ಬುಷ್‌ಗಳನ್ನು ಹೊಸದಾಗಿ ಹಾಕಿ, 10ಡಬ್ಲ್ಯೂ (ಆಯಿಲ್ ದಪ್ಪದ ಅಂಕಿ) ಫೋರ್ಕ್ ಆಯಿಲ್ ತುಂಬಿದೆ. 300 ಕಿ.ಮೀ. ಓಡುವಷ್ಟರಲ್ಲಿ ಬಲಗಡೆಯ ಪೈಪಿನ ಮೇಲೆ ಎಣ್ಣೆಯ ಉಂಗುರ ಮೂಡಿತು. ಈಗ ಅದು ಇಳಿದು ಬ್ರೇಕ್ ಕ್ಯಾಲಿಪರ್ ಮುಟ್ಟಿದೆ. ಗುಂಡಿ ಸಿಕ್ಕಿದರೆ ಏಟು ನೇರವಾಗಿ ಮಣಿಕಟ್ಟಿಗೆ ಬಡಿಯುತ್ತದೆ. ಎಲ್ಲವನ್ನೂ ಸರ್ವಿಸ್ ಮ್ಯಾನ್ಯುವಲ್ ಪ್ರಕಾರವೇ ಮಾಡಿದ್ದೇನೆ. ಕಾರಣ ತಿಳಿಯದೆ ಮತ್ತೆ ಬಿಚ್ಚಲು ಮನಸ್ಸಿಲ್ಲ, ದಯವಿಟ್ಟು ತಿಳಿಸಿ.

ಗ್ರೀಸ್ ಕೈ:
ಆಯಿಲ್ ಗಟ್ಟಿಯಾಗಿದೆ, ಅನುಮಾನವೇ ಬೇಡ. ನೀವು ಹಾಕಿದ 10ಡಬ್ಲ್ಯೂ ಕಂಪನಿಯ ಆಯಿಲ್‌ಗಿಂತ ದಪ್ಪವಾಗಿರಬೇಕು. 5ಡಬ್ಲ್ಯೂ ಹಾಕಿ ನೋಡಿ.

ನಾಲ್ಕನೇ ಗೇರ್:
ಮೊದಲು ಆ ಬೈಕನ್ನು ಓಡಿಸುವುದನ್ನು ನಿಲ್ಲಿಸಿ. ಬ್ರೇಕ್ ಪ್ಯಾಡ್ ಎಣ್ಣೆ ಕುಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಲೇಬೇಕು. ಇನ್ನು ಆಯಿಲ್ ದಪ್ಪವಾದ ಮಾತ್ರಕ್ಕೆ ಹೊಸ ಸೀಲ್ ಸೋರುವುದಿಲ್ಲ. ಚಕ್ರದ ಆಕ್ಸಲ್ ಬಿಗಿ ಮಾಡಿ, ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಬಿಟ್ಟು, ಆಮೇಲೆ ತಾನೇ ಪಿಂಚ್ ಬೋಲ್ಟ್ (ಆಕ್ಸಲ್ ಅನ್ನು ಫೋರ್ಕ್ ತುದಿಯಲ್ಲಿ ಹಿಡಿದಿಡುವ ಬೋಲ್ಟ್) ಬಿಗಿದಿರಿ? ಆ ಕ್ರಮ ತಪ್ಪಿದರೆ ಫೋರ್ಕಿನ ಎರಡು ಕಾಲುಗಳು ಸಮಾನಾಂತರವಾಗಿ ಕೂರದೆ ಪೈಪ್ ಬುಷ್‌ಗೆ ಉಜ್ಜಿ ಹಿಡಿಯುತ್ತದೆ.

ಗ್ರೀಸ್ ಕೈ:
ನನ್ನ ಬೈಕಿನಲ್ಲಿ ಮೂರು ಬಗೆಯ ಆಯಿಲ್ ಹಾಕಿ ನೋಡಿದ್ದೇನೆ. ಪ್ರತಿ ಸಲವೂ ವ್ಯತ್ಯಾಸ ಗೊತ್ತಾಗಿದ್ದು ಆಯಿಲ್‌ನಿಂದಲೇ. 10ಡಬ್ಲ್ಯೂ ಎಂದರೆ ಎಲ್ಲವೂ ಒಂದೇ ಅಲ್ಲ.

ನಾಲ್ಕನೇ ಗೇರ್:
ಅದನ್ನು ಅಲ್ಲಗಳೆಯುತ್ತಿಲ್ಲ. ಫೋರ್ಕ್ ಆಯಿಲ್ ಹೋಲಿಸುವಾಗ ಡಬ್ಬದ ಮೇಲಿನ ಡಬ್ಲ್ಯೂ ಸಂಖ್ಯೆಯನ್ನು ನಂಬದೆ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪ ಅಳೆಯುವ ಮಾನ) ಎಷ್ಟು ಎಂದು ನೋಡಬೇಕು. ಆದರೆ ಇಲ್ಲಿ ಕೇಳಿರುವುದು ಸೋರಿಕೆಯ ಬಗ್ಗೆ.

ದಾರಿಹೋಕ:
ಪಿಂಚ್ ಬೋಲ್ಟ್ ಸಡಿಲಿಸಿ ನೀವು ಹೇಳಿದಂತೆಯೇ ಮತ್ತೆ ಬಿಗಿದೆ, ಬದಲಾವಣೆ ಇಲ್ಲ. ಪೈಪಿನ ಉದ್ದಕ್ಕೂ ಉಗುರು ಆಡಿಸಿದೆ, ಎಲ್ಲಿಯೂ ತುಕ್ಕಿನ ಚುಕ್ಕೆಯಾಗಲಿ ಗೀರಾಗಲಿ ಸಿಗಲಿಲ್ಲ.

ಹಳೆ ಸ್ಪ್ಯಾನರ್:
ಪೈಪಿನ ವ್ಯಾಸ, ಫೋರ್ಕ್‌ನ ಟ್ರಾವೆಲ್ (ಅದು ಎಷ್ಟು ಕುಗ್ಗಬಲ್ಲದು) ತಿಳಿಸಿ. ಪೈಪಿಗೆ ಕೇಬಲ್ ಟೈ ಕಟ್ಟಿ, ಡಸ್ಟ್ ಸೀಲ್‌ಗೆ ತಾಗುವಂತೆ ಇಳಿಸಿ, ನಿಂತ ಬೈಕಿನ ಮುಂದಿನ ಬ್ರೇಕ್ ಹಿಡಿದು ಇಡೀ ಭಾರ ಹಾಕಿ ಒತ್ತಿ. ಟೈ ಎಷ್ಟು ಮೇಲೇರಿತು ಎಂದು ಅಳೆಯಿರಿ. ಆಯಿಲ್ ಅಳತೆಯನ್ನು ಹೇಗೆ ತೆಗೆದುಕೊಂಡಿರಿ ಎಂಬುದನ್ನು ನೀವು ಎಲ್ಲಿಯೂ ಬರೆದಿಲ್ಲ. ನನಗೆ ಬೇಕಿರುವುದು ಮುಖ್ಯವಾಗಿ ಅದೇ.

ದಾರಿಹೋಕ:
41 ಮಿ.ಮೀ. ಪೈಪ್, 140 ಮಿ.ಮೀ. ಟ್ರಾವೆಲ್. ಎಷ್ಟೇ ಬಲ ಹಾಕಿದರೂ ಟೈ 45 ಮಿ.ಮೀ. ದಾಟಲಿಲ್ಲ. ಎಡಗಡೆಗೆ ಮ್ಯಾನ್ಯುವಲ್‌ನಲ್ಲಿದ್ದಂತೆ 485 ಮಿ.ಲೀ. ಹಾಕಿದೆ. ಬಲಗಡೆಗೆ ಸುರಿಯುತ್ತಿದ್ದಾಗ ಅಳತೆಯ ಲೋಟ ಮಗುಚಿ, ಎಷ್ಟು ಒಳಗೆ ಹೋಯಿತೆಂದು ತಿಳಿಯಲಿಲ್ಲ. ಎರಡನೇ ಬಾಟಲಿ ತೆರೆದು, ಮ್ಯಾನ್ಯುವಲ್ ಹೇಳಿದ 130 ಮಿ.ಮೀ. ಮಟ್ಟಕ್ಕೆ ತುಂಬಿದೆ. ಸ್ಪ್ರಿಂಗ್ ಹೊರಗಿತ್ತು, ಫೋರ್ಕ್ ಪೂರ್ತಿ ಎಳೆದ ಸ್ಥಿತಿಯಲ್ಲಿತ್ತು.

ಹಳೆ ಸ್ಪ್ಯಾನರ್:
ಕಾರಣ ಸಿಕ್ಕಿತು. ಆ 130 ಮಿ.ಮೀ. ಎಂಬುದು ಸ್ಪ್ರಿಂಗ್ ತೆಗೆದು, ಫೋರ್ಕನ್ನು ಪೂರ್ತಿ ಒತ್ತಿ ಕೂರಿಸಿದಾಗ ಪೈಪಿನ ಬಾಯಿಂದ ಆಯಿಲ್‌ವರೆಗೆ ಇರಬೇಕಾದ ಖಾಲಿ ಜಾಗ. ನೀವು ಎಳೆದ ಸ್ಥಿತಿಯಲ್ಲಿ ಅಷ್ಟೇ ಜಾಗ ಬಿಟ್ಟಿದ್ದೀರಿ. 41 ಮಿ.ಮೀ. ಪೈಪಿನ ಅಡ್ಡಕೊಯ್ತ ಸುಮಾರು 13.2 ಚದರ ಸೆಂ.ಮೀ.; ಅದು 14 ಸೆಂ.ಮೀ. ಒಳಗೆ ಇಳಿದರೆ ಸುಮಾರು 185 ಮಿ.ಲೀ. ಜಾಗ ಕಡಿಮೆಯಾಗುತ್ತದೆ, ಅಂದರೆ ನಿಮ್ಮ ಬಲಗಡೆಯ ಫೋರ್ಕಿನಲ್ಲಿ ಹತ್ತಿರಹತ್ತಿರ ಅಷ್ಟು ಆಯಿಲ್ ಹೆಚ್ಚಿದೆ. ಸ್ಪ್ರಿಂಗ್ ಇಳಿಸಿದಾಗ ಅದರ ತಂತಿಯೂ ಒಂದಿಷ್ಟು ಜಾಗ ತಿನ್ನುತ್ತದೆ. ಉಳಿದ ಸ್ವಲ್ಪ ಗಾಳಿ ಅಮುಕಿಕೊಂಡ ಮೇಲೆ ಆಯಿಲ್‌ಗೆ ಕುಗ್ಗುವ ಗುಣವಿಲ್ಲ, ಫೋರ್ಕ್ ಅಲ್ಲಿಗೇ ನಿಲ್ಲುತ್ತದೆ; ಆ ಒತ್ತಡಕ್ಕೆ ಸಿಕ್ಕ ದಾರಿ ಸೀಲ್‌ನ ತುಟಿ. ಎರಡು ಕಾಲುಗಳೂ ಒಂದೇ ಆಕ್ಸಲ್‌ಗೆ ಸೇರಿರುವುದರಿಂದ ಎಡಗಡೆಯದು ಸರಿಯಿದ್ದರೂ ಕೆಳಗಿಳಿಯಲಾರದು.

ಗ್ರೀಸ್ ಕೈ:
ಅಳತೆ ತಪ್ಪಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಹೇಗಿದ್ದರೂ ಬಿಚ್ಚುವಾಗ ತೆಳು ಆಯಿಲ್ ಹಾಕುವುದು ಒಳ್ಳೆಯದು.

ನಾಲ್ಕನೇ ಗೇರ್:
ಒಮ್ಮೆಗೆ ಒಂದನ್ನೇ ಬದಲಿಸಲಿ. ಎರಡನ್ನೂ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ದಾರಿಹೋಕ:
ಬಲಗಡೆಯ ಫೋರ್ಕ್ ಇಳಿಸಿ, ಟಾಪ್ ಕ್ಯಾಪ್ ಮತ್ತು ಸ್ಪ್ರಿಂಗ್ ತೆಗೆದು ನಿಧಾನವಾಗಿ ಒತ್ತಿದೆ. ತಳ ಮುಟ್ಟುವ ಮೊದಲೇ ಆಯಿಲ್ ಪೈಪಿನ ಬಾಯಿಂದ ಉಕ್ಕಿ ಕೈಮೇಲೆ ಹರಿಯಿತು. ಸೀಲ್ ಹೊರತೆಗೆದಾಗ ಒಳತುಟಿ ಒಂದು ಬದಿಯಲ್ಲಿ ಬೆರಳಗಲದಷ್ಟು ಹೊರಕ್ಕೆ ಮಗುಚಿಕೊಂಡಿತ್ತು. ಹೊಸ ಸೀಲ್‌ಗೆ ಗ್ರೀಸ್ ಸವರಿ, ಪೈಪಿನ ಅಂಚಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಇಳಿಸಿದೆ. ಅದೇ 10ಡಬ್ಲ್ಯೂ ಆಯಿಲ್ ತುಂಬಿ, ಡ್ಯಾಂಪರಿನ (ಫೋರ್ಕಿನ ಏಳುಬೀಳು ತಗ್ಗಿಸುವ ಒಳಭಾಗ) ಗಾಳಿ ಹೋಗುವವರೆಗೆ ಮೇಲೆ ಕೆಳಗೆ ಆಡಿಸಿ, ಒತ್ತಿದ ಸ್ಥಿತಿಯಲ್ಲಿಯೇ ಸಿರಿಂಜ್‌ನಿಂದ 130 ಮಿ.ಮೀ.ಗೆ ತಂದೆ. ಎಡಗಡೆಯದನ್ನೂ ತೆರೆದು ನೋಡಿದೆ, 133 ಇತ್ತು. ಅದನ್ನೂ 130ಕ್ಕೆ ಸರಿಮಾಡಿದೆ. ಪ್ಯಾಡ್ ಹೊಸದು, ಡಿಸ್ಕ್ ಚೆನ್ನಾಗಿ ಒರೆಸಿದ್ದೇನೆ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಟೈ ಈಗ 105 ಮಿ.ಮೀ.ವರೆಗೆ ಏರುತ್ತಿದೆ. 200 ಕಿ.ಮೀ. ಓಡಿಸಿದ್ದೇನೆ, ಪೈಪ್ ಒಣಗಿದೆ.