ಗಾಯರಾಣದ ತುಂಬ ಕಾಂಗ್ರೆಸ್ ಕಸ, ಯಾವ ಕಳೆ ಎಣ್ಣೆ (ಕಳೆನಾಶಕ) ಹೊಡೆಯಲಿ?

ಕುಷ್ಟಗಿ ಕುರಿಗಾರ:
ಎಲ್ಲರಿಗೂ ಶರಣು. ನಮ್ಮದು ಕುಷ್ಟಗಿ ತಾಲೂಕು, ಮಸಾರಿ ನೆಲ. ಮನೆಯಲ್ಲಿ 60 ಕುರಿ, ಒಂದು ಎಮ್ಮೆ. ಮೂರು ವರ್ಷದ ಹಿಂದೆ ರಸ್ತೆ ಕೆಲಸದವರು ಎಲ್ಲಿಂದಲೋ ಮಣ್ಣು ತಂದು, ಊರ ದನ-ಕುರಿ ಮೇಯೋ ಗಾಯರಾಣದ ಅಂಚಿಗೆ ಸುರಿದರು. ಮೊದಲ ಮಳೆಗೆ ಆ ಗುಡ್ಡೆ ಮೇಲೆ ನಾಲ್ಕೇ ನಾಲ್ಕು ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಎದ್ದವು. ನೋಡಿಯೂ ಸುಮ್ನೆ ಬಂದೆ. ಈಗ ಹಳ್ಳದ ತನಕ ಬೆಳ್ಳಗೆ ಹೂವು, ನಡುವೆ ಹುಲ್ಲು ಹುಡುಕಬೇಕು. ಕುರಿ ಮೂಸಿ ಮುಂದೆ ಹೋಗುತ್ತವೆ. ಎಮ್ಮೆ ಹಸಿವಿಗೆ ಬಾಯಿ ಹಾಕಿದೆ ಅನಿಸುತ್ತೆ, ನಾಲ್ಕು ದಿನದಿಂದ ಹಾಲು ಕಹಿ. ಚಹಾಕ್ಕೂ ಆಗಲ್ಲ. ಅವ್ವ ಬರಿಗೈಲಿ ಒಂದು ಹೊರೆ ಕಿತ್ತಳು. ಮೊಣಕೈ ತನಕ ದದ್ದು, ಕಣ್ಣಿನ ರೆಪ್ಪೆ ಊದಿದೆ. ಒಂದೇ ಸಲಕ್ಕೆ ಹೋಗುವಂಥ ಎಣ್ಣೆ ಯಾವುದು?

ಸಿಂಧನೂರು ಕಾಕಾ:
ತಮ್ಮಾ, ಒಂದೇ ಸಲಕ್ಕೆ ಹೋಗಲ್ಲ. ಚೆನ್ನಾಗಿ ಬೆಳೆದ ಒಂದು ಗಿಡ 15 ಸಾವಿರ ಬೀಜ ಉದುರಿಸುತ್ತೆ, ಮಣ್ಣಲ್ಲಿ ಹೂತವು ವರ್ಷಗಟ್ಟಲೆ ಕಾಯುತ್ತವೆ. ನಾನೂ ನಿನ್ನ ಹಾಗೆ ಅವಸರ ಮಾಡಿ ಬದುವಿಗೆ ಗ್ಲೈಫೊಸೇಟ್ ಅನ್ನೋ ಕಳೆ ಎಣ್ಣೆ ಹೊಡೆದೆ. ಕಸದ ಜೊತೆ ಹುಲ್ಲೂ ಸತ್ತಿತು. ಖಾಲಿ ನೆಲದಲ್ಲಿ ಮರು ಮಳೆಗೆ ಮೊದಲು ಎದ್ದದ್ದು ಇದೇ ಕಸ! ಲೀಟರಿಗೆ 200 ಗ್ರಾಂ ಉಪ್ಪು ಕಲಸಿ ಹೊಡೀರಿ ಅಂತಾರಲ್ಲ, ಅದು ರಸ್ತೆ ಬದಿಗೆ ಸರಿ. ಮೇಯೋ ನೆಲಕ್ಕೆ ಬೇಡ.

ಮೊಳೆತು ತಿಂಗಳು, ಒಂದೂವರೆ ತಿಂಗಳಿಗೆ ಹೂವು ಬರುತ್ತೆ. ಅದಕ್ಕೂ ಮೊದಲು, ಎಲೆ ಗಜ್ಜರಿ ಸೊಪ್ಪಿನ ಹಾಗೆ ನೆಲಕ್ಕೆ ಹರಡಿಕೊಂಡಿರುವಾಗ, ಮಳೆ ಬಿಟ್ಟ ಮಾರನೇ ದಿನ ಬೇರು ಸಮೇತ ಕೀಳು. ಬರೀ ಕೊಯ್ದರೆ ಮತ್ತೆ ಚಿಗುರುತ್ತೆ. ಹೂವಿಲ್ಲದ್ದನ್ನು ತಿಪ್ಪೆಗೆ ಹಾಕಬಹುದು, ಹೂವಿದ್ದದ್ದು ಬೇಡ.

ಮಸ್ಕಿ ಅಕ್ಕ:
ಅವ್ವನನ್ನು ಇನ್ನು ಆ ಕಡೆ ಕಳಿಸಬೇಡಿ. ಒಮ್ಮೆ ಅಲರ್ಜಿ ಶುರುವಾದರೆ ಪ್ರತಿ ಸಲ ಜಾಸ್ತಿಯಾಗುತ್ತೆ. ನಮ್ಮ ಅತ್ತೆಗೆ ಈಗ ಗಾಳಿಗೆ ಪುಡಿ ಹಾರಿದರೂ ಸಾಕು. ಚರ್ಮದ ಡಾಕ್ಟರಿಗೆ ತೋರಿಸಿ. ಎಮ್ಮೆಗೆ ಮನೆ ಮೇವೇ ಹಾಕಿ. ಮೇವಿನಲ್ಲಿ ಇದರ ಪಾಲು ಜಾಸ್ತಿಯಾದರೆ ದನ ಸಾಯುವುದೂ ಉಂಟು.

ಹಡಗಲಿ ಹುಡುಗ:
ಎಲೆ ಜಾಲರಿ ಥರ ತೂತಾಗಿದೆಯಾ ನೋಡಿ ಅಣ್ಣ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರೋ ಸಣ್ಣ ಹುಳ ಇದ್ದರೆ ಅಲ್ಲಿ ಎಣ್ಣೆ ಮುಟ್ಟಿಸಬೇಡಿ. ಈ ಕಸ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಹುಳ ಅದು. ಮಳೆಗಾಲದಲ್ಲಿ ಚೆನ್ನಾಗಿ ಮೇಯುತ್ತೆ, ಬೇಸಿಗೆಗೆ ಮಣ್ಣಲ್ಲಿ ಮಲಗುತ್ತೆ. ಅದೊಂದನ್ನೇ ನಂಬಿ ಕೂರೋಕೆ ಮಾತ್ರ ಆಗಲ್ಲ.

ಕುಷ್ಟಗಿ ಕುರಿಗಾರ:
ಹೋಗಿ ನೋಡಿದೆ ತಮ್ಮಾ. ಹಳ್ಳದ ಕಡೆ ಹುಳ ಇದೆ, ಎಲೆಯೆಲ್ಲ ತೂತು. ಆ ಭಾಗ ಹಾಗೇ ಬಿಟ್ಟೆ. ಎಣ್ಣೆ ತರೋ ದುಡ್ಡಲ್ಲಿ ನಾಲ್ಕು ಜೊತೆ ರಬ್ಬರ್ ಕೈಗವಸು ತಂದೆ. ಕಾಕಾ, ಇವತ್ತು ಆ ಮಣ್ಣಿನ ಗುಡ್ಡೆಯಿಂದಲೇ ಶುರು ಮಾಡಿದ್ವಿ.