ಸ್ಮಾರ್ಟ್ ಮೀಟರ್ ಹಾಕುವ ದಿನ ಏನೇನು ನೋಡಿಕೊಳ್ಳಬೇಕು? ಬಿಲ್ ಏರಿದರೆ ಪರೀಕ್ಷೆ ಹೇಗೆ?

ತಂಪುಗಾಳಿ:
ಹಳೆ ಚಕ್ರದ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಹಾಕುತ್ತೇವೆಂದು ನೋಟಿಸ್ ಬಂದಿದೆ. ಸಿಂಗಲ್ ಫೇಸ್ ಮನೆ. ಹಾಕುವಾಗ ಗ್ರಾಹಕರು ಏನನ್ನು ಕೇಳಿ ಪಡೆಯಬೇಕು? ಆಮೇಲೆ ಬಿಲ್ ಜಾಸ್ತಿ ಬಂದರೆ ತಪ್ಪು ಮೀಟರಿನದೋ ಮನೆಯದೋ ಎಂದು ತಿಳಿಯುವುದು ಹೇಗೆ?

ಮೀಟರ್‌ಬೋರ್ಡ್:
ಬಂದವರ ಗುರುತಿನ ಚೀಟಿ ಮೊದಲು ನೋಡಿ. ಹಳೆ ಮೀಟರ್ ಬಿಚ್ಚುವ ಮುಂಚೆ ಕೊನೆಯ ರೀಡಿಂಗ್, ಸೀರಿಯಲ್ ನಂಬರ್, ಸೀಲ್ ಮೂರೂ ಒಂದೇ ಫೋಟೋದಲ್ಲಿ ಬರಲಿ. ಹೊಸದಕ್ಕೂ ಹಾಗೇ. ಹೊಸ ಮೀಟರ್ ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ. ಕಾರ್ಖಾನೆಯ ಪರೀಕ್ಷೆಯಲ್ಲಿ ಸ್ವಲ್ಪ ಓಡಿರಬಹುದು. ಆ ಆರಂಭದ ಅಂಕಿ, ಹಳೆಯದರ ಕೊನೆಯ ಅಂಕಿ, ಎರಡೂ ಸೀರಿಯಲ್ ನಂಬರ್, ಹೊಸ ಸೀಲ್ ನಂಬರ್, ದಿನಾಂಕ ಇವೆಲ್ಲವನ್ನೂ ಮೀಟರ್ ಬದಲಾವಣೆ ವರದಿಯಲ್ಲಿ ತುಂಬಿದ ಮೇಲಷ್ಟೇ ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕುವುದು ದೊಡ್ಡ ತಪ್ಪು. ಹಳೆ ಮೀಟರ್ ಗುಜರಿಗೆ ಹೋದ ಮೇಲೆ ಆ ರೀಡಿಂಗ್ ಬಗ್ಗೆ ವಾದಿಸಲು ಕೈಯಲ್ಲಿ ಏನೂ ಉಳಿಯದು. ಅನುಮಾನವಿದ್ದರೆ ಅದನ್ನು ತೆಗೆದಿಡಿ ಎಂದು ಅದೇ ದಿನ ಬರವಣಿಗೆಯಲ್ಲಿ ಕೇಳಿ.

ಮೊದಲ ಬಿಲ್ ಏರಲು ಬಹಳ ಸಲ ಕಾರಣ ಹಳೆ ಬಾಕಿ. ಹಿಂದೆ ಮೀಟರ್ ನೋಡದೆ ಸರಾಸರಿ ಬಿಲ್ ಕೊಟ್ಟಿದ್ದರೆ, ಉಳಿದ ಯೂನಿಟ್‌ಗಳೆಲ್ಲ ಕೊನೆಯ ರೀಡಿಂಗ್‌ನಲ್ಲಿ ಒಟ್ಟಿಗೆ ಬಂದು ಬೀಳುತ್ತವೆ. ಬಳಕೆ ಹೆಚ್ಚಿದಂತೆ ದರ ಏರುವ ಪದ್ಧತಿ ಇದ್ದಲ್ಲಿ ಅವೆಲ್ಲ ಮೇಲಿನ ದರಕ್ಕೆ ಸಿಲುಕುತ್ತವೆ. ಆ ಯೂನಿಟ್‌ಗಳನ್ನು ಆಯಾ ತಿಂಗಳಿಗೆ ಹಂಚಿ ಲೆಕ್ಕ ಹಾಕಿ ಎಂದು ಅರ್ಜಿ ಕೊಡಿ. ಬಿಲ್ ಎಷ್ಟು ದಿನದ್ದು ಎಂಬುದನ್ನೂ ನೋಡಿ.

ಟೆಸ್ಟ್‌ಲ್ಯಾಂಪ್:
ಪರೀಕ್ಷೆಗೆ ಬರೋಣ. ಮೀಟರಿನ ನಂತರದ ಮೇನ್ ಸ್ವಿಚ್ ಆಫ್ ಮಾಡಿ. ಬಳಕೆಗೆ ತಕ್ಕಂತೆ ಮಿನುಗುವ ಮೀಟರಿನ ಪಲ್ಸ್ ದೀಪ (ಒಂದು ಮಿನುಗು ಎಂದರೆ ಒಂದು ಪಲ್ಸ್) ಮಿನುಗುತ್ತಲೇ ಇದ್ದರೆ ಮೀಟರ್ ಕೆಟ್ಟಿದೆ, ಇಲ್ಲವೇ ಮೀಟರ್ ಮತ್ತು ಮೇನ್ ಸ್ವಿಚ್ ನಡುವೆ ಯಾರದೋ ಲೈನ್ ಸೇರಿದೆ. ನಿಂತರೆ ಮೇನ್ ಆನ್ ಮಾಡಿ, ಎಂಸಿಬಿಗಳನ್ನೆಲ್ಲ (ಒಂದೊಂದು ಸರ್ಕ್ಯೂಟ್‌ಗೂ ಇರುವ ಸುರಕ್ಷತಾ ಸ್ವಿಚ್) ಇಳಿಸಿ ಒಂದೊಂದಾಗಿ ಏರಿಸುತ್ತಾ ಹೋಗಿ. ಯಾವ ಸರ್ಕ್ಯೂಟ್ ಸುಮ್ಮನೆ ಕರೆಂಟ್ ಎಳೆಯುತ್ತಿದೆ ಎಂದು ಗೊತ್ತಾಗುತ್ತದೆ.

ಇನ್ನು ಮೀಟರ್ ಓಡುವ ವೇಗ. ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಪಲ್ಸ್ ಎಂದು ಬರೆದಿರುತ್ತದೆ, ಉದಾಹರಣೆಗೆ 3200. ಹೀಟರ್ ಒಂದನ್ನೇ ಹಚ್ಚಿ 100 ಪಲ್ಸ್‌ಗೆ ಹಿಡಿದ ಸೆಕೆಂಡ್ ಎಣಿಸಿ. 36,00,00,000 ಅನ್ನು 3200ರಿಂದಲೂ ಆ ಸೆಕೆಂಡ್‌ಗಳಿಂದಲೂ ಭಾಗಿಸಿದರೆ ವ್ಯಾಟ್ ಸಿಗುತ್ತದೆ. 112.5 ಸೆಕೆಂಡ್ ಆದರೆ ಸರಿಯಾಗಿ 1000 ವ್ಯಾಟ್. ಹೀಟರ್ ಮೇಲೆ ಬರೆದ ವ್ಯಾಟ್ ನಂಬಿ ಹೋಲಿಸಬೇಡಿ. ವೋಲ್ಟೇಜ್ 230ರಿಂದ 210ಕ್ಕೆ ಇಳಿದರೆ 1000 ವ್ಯಾಟ್‌ನ ಹೀಟರ್ ಸುಮಾರು 834 ವ್ಯಾಟ್ ಮಾತ್ರ ಎಳೆಯುತ್ತದೆ. ಸಾಕೆಟ್‌ಗೆ ಚುಚ್ಚುವ ಸಣ್ಣ ವ್ಯಾಟ್‌ಮೀಟರ್ ಜೊತೆ ಹೋಲಿಸಿ. ಕ್ಲಾಸ್ 1 (ನಿಖರತೆಯ ದರ್ಜೆ) ಮೀಟರಿನಲ್ಲಿ ತಪ್ಪು ಶೇ. 1ರ ಆಸುಪಾಸು ಇರಬೇಕು. ವ್ಯತ್ಯಾಸ ಅದಕ್ಕಿಂತ ಬಹಳ ಹೆಚ್ಚಿದ್ದರೆ ಚೆಕ್ ಮೀಟರ್ ಅನ್ನು, ಅಂದರೆ ಹೋಲಿಕೆಗೆಂದು ಇಡುವ ಇನ್ನೊಂದು ಮೀಟರನ್ನು, ಅದೇ ಕರೆಂಟ್ ಎರಡರಲ್ಲೂ ಹರಿಯುವಂತೆ ಸರಣಿಯಲ್ಲಿ ಹಾಕಿಸಿ, ಎರಡರ ರೀಡಿಂಗನ್ನೂ ಒಂದೇ ಗಳಿಗೆಯಲ್ಲಿ ಬರೆದುಕೊಳ್ಳಿ.

ತಂಪುಗಾಳಿ:
ಮೀಟರ್ ಸರಿಯಿದ್ದೂ ಯೂನಿಟ್ ಹೆಚ್ಚಾದರೆ?

ಟೆಸ್ಟ್‌ಲ್ಯಾಂಪ್:
ಸವೆದ ಚಕ್ರದ ಮೀಟರ್ ಸಣ್ಣ ಲೋಡ್‌ಗೆ ತಿರುಗದೇ ಇರಬಹುದು, ಹೊಸದು ಅದನ್ನೂ ಎಣಿಸುತ್ತದೆ. ಸ್ಟ್ಯಾಂಡ್‌ಬೈನಲ್ಲಿ ಸದಾ 20 ವ್ಯಾಟ್ ಹರಿದರೂ 30 ದಿನಕ್ಕೆ 14.4 ಯೂನಿಟ್ ಆಗುತ್ತದೆ. ಇನ್ನೊಂದು ಕಾರಣ ನ್ಯೂಟ್ರಲ್‌ನ, ಅಂದರೆ ಫೇಸ್‌ನಲ್ಲಿ ಬಂದ ಕರೆಂಟ್ ಮರಳುವ ವೈರಿನ, ತೊಂದರೆ. ಎರಡು ಮನೆಗಳ ನ್ಯೂಟ್ರಲ್ ಬೆರೆತಿದ್ದರೆ, ಇಲ್ಲವೇ ಎಲ್ಲೋ ನ್ಯೂಟ್ರಲ್ ಅರ್ಥಿಂಗ್‌ಗೆ ತಾಗಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಕರೆಂಟ್ ಬೇರೆಬೇರೆ ಆಗುತ್ತದೆ. ಕೆಲವು ಮೀಟರ್‌ಗಳು ಎರಡನ್ನೂ ಅಳೆದು ದೊಡ್ಡದನ್ನೇ ಲೆಕ್ಕಕ್ಕೆ ಹಿಡಿದು, ಕಳ್ಳತನದ ಸೂಚನೆಯನ್ನೂ ದಾಖಲಿಸುತ್ತವೆ. ಹಾಗಾಗಿ ಮೀಟರ್ ಬರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಬೇರ್ಪಡಿಸಿ. ಇನ್ವರ್ಟರ್ ಇದ್ದರೆ ಅದರ ವೈರಿಂಗ್ ಖಂಡಿತ ನೋಡಿಸಿ.

ಮೀಟರ್‌ಬೋರ್ಡ್:
ಹೊಸ ಮೀಟರ್ ಹಾಕಿದ ಮೇಲೆ ದೀಪ ಮಿಣುಕುವುದು, ಸುಟ್ಟ ವಾಸನೆ, ಟರ್ಮಿನಲ್ ಕವರ್ ಕಂದಾಗುವುದು ಕಂಡರೆ ಸ್ಕ್ರೂ ಸಡಿಲವಿದೆ ಎಂದೇ ತಿಳಿಯಿರಿ. ತಕ್ಷಣ ಲೋಡ್ ತಗ್ಗಿಸಿ ದೂರು ಕೊಡಿ. ನೀವೇ ಕವರ್ ತೆಗೆಯಬೇಡಿ. ಸೀಲ್ ಮುರಿದರೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಮುಂದೆ ಚಾವಣಿಗೆ ಸೋಲಾರ್ ಹಾಕಿಸುವುದಾದರೆ ಆಮದು, ರಫ್ತು ಎರಡೂ ಬೇರೆ ಬೇರೆ ದಾಖಲಾಗುವಂತೆ ಮೀಟರ್ ಹೊಂದಿಸಿದ್ದಾರೆಯೇ ಎಂದು ಕೇಳಿ. ಹೊಂದಿಸದಿದ್ದರೆ ಹೊರಗೆ ಕಳಿಸಿದ ಯೂನಿಟ್ಟೂ ಬಳಕೆಯೆಂದೇ ಎಣಿಕೆಯಾಗಬಹುದು.