ಬೆರಳಿನಲ್ಲಿ 98, ಹಣೆಯಲ್ಲಿ 64: ಪಾರ್ಶ್ವವಾಯುವಿನ ರೋಗಿಗೆ ಅಂಟಿಸಿದ ಪಟ್ಟಿ ಏನು ಹೇಳುತ್ತದೆ?

ಪ್ರಶ್ನೆ (ಕಾಪು): ತಂದೆಯವರಿಗೆ ಮೊನ್ನೆ ಪಾರ್ಶ್ವವಾಯು ಆಯಿತು, ಬಲಗೈ, ಬಲಗಾಲು ಏಳುತ್ತಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಹೋಗಿ ಮಿದುಳಿನ ಹೆಪ್ಪು ತೆಗೆದಿದ್ದಾರೆ. ಈಗ ಹಣೆಯ ಎರಡೂ ಕಡೆ ಪಟ್ಟಿ ಅಂಟಿಸಿದ್ದಾರೆ. ಅದಕ್ಕಾಗಿ ಅಮ್ಮ ಹಚ್ಚಿದ್ದ ಮಠದ ಗಂಧವನ್ನೂ ಒರೆಸಿದರು. ಬೆರಳಿನ ಕ್ಲಿಪ್ 98 ತೋರಿಸುತ್ತದೆ; ಹಣೆಯದ್ದು ಬಲಕ್ಕೆ 64, ಎಡಕ್ಕೆ 71. ಮಿದುಳಿಗೆ ಆಮ್ಲಜನಕ ಸಾಲುತ್ತಿಲ್ಲವೇ?

ಉತ್ತರ (ನರರೋಗ ವೈದ್ಯ, ಉಡುಪಿ): 64 ನೋಡಿ ಹೆದರಬೇಡಿ. ಬೆರಳಿನ ಕ್ಲಿಪ್ ನಾಡಿಯೊಂದಿಗೆ ಮಿಡಿಯುವ ಶುದ್ಧ ರಕ್ತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಣೆಯ ಪಟ್ಟಿ ಎಲ್ಲ ರಕ್ತವನ್ನೂ ಒಟ್ಟಿಗೆ ನೋಡುತ್ತದೆ. ಅದರಲ್ಲಿ ದೊಡ್ಡ ಪಾಲು ಆಮ್ಲಜನಕ ಕೊಟ್ಟು ಹಿಂದಿರುಗುತ್ತಿರುವ ರಕ್ತ. ಹಾಗಾಗಿ 60ರಿಂದ 80ರ ನಡುವೆ ಇರುವುದು ಸಾಮಾನ್ಯ.

ಕತ್ತಲಲ್ಲಿ ಟಾರ್ಚಿಗೆ ಅಂಗೈ ಅಡ್ಡ ಹಿಡಿದರೆ ಕೆಂಪಗೆ ಹೊಳೆಯುತ್ತದೆಯಲ್ಲ? ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇನ್ನೂ ಆಳಕ್ಕೆ, ಮೂಳೆಯನ್ನೂ ದಾಟಿ ಹೋಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಒಂದು ತರಂಗವನ್ನು ಹೆಚ್ಚು ಹೀರಿದರೆ, ಬರಿದಾದದ್ದು ಇನ್ನೊಂದನ್ನು. ಹೀಗೆ ಮಿದುಳನ್ನು ಹೊರಗಿನಿಂದಲೇ ಗಮನಿಸಬಹುದೆಂದು 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಗಂಧವಾಗಲಿ ಕುಂಕುಮವಾಗಲಿ ಈ ಬೆಳಕಿಗೆ ಅಡ್ಡ ಬರಬಾರದು. ಅಮ್ಮನ ಸಮಾಧಾನಕ್ಕೆ ತೋಳಿಗೆ ಹಚ್ಚಲಿ.

ಕಾಪು: ಬಲಗೈ, ಬಲಗಾಲು ಆಡಿಸುವುದು ಎಡ ಮಿದುಳಂತೆ; ಪೆಟ್ಟು ಬಿದ್ದದ್ದು ಅದಕ್ಕೇ. ಅಲ್ಲೇ ಸಂಖ್ಯೆ ಹೆಚ್ಚು. ಅಂದರೆ ಗುಣವಾಗುತ್ತಿದೆಯೇ?

ವೈದ್ಯ: ಎಲ್ಲರೂ ಎಡವುವುದು ಇಲ್ಲಿಯೇ. ರಕ್ತ ಮರಳಿ ಹರಿದರೂ ಸಂಖ್ಯೆ ಏರುತ್ತದೆ; ಜೀವಕೋಶಗಳು ಸತ್ತು ಆಮ್ಲಜನಕ ಕೇಳುವವರೇ ಇಲ್ಲವಾದರೂ ಏರುತ್ತದೆ. ಗಿರಾಕಿಯಿಲ್ಲದ ಅಂಗಡಿಯಲ್ಲಿಯೂ ಸರಕು ತುಂಬಿಯೇ ಇರುತ್ತದೆ. ಅದೂ ಅಲ್ಲದೆ ಪಟ್ಟಿಗೆ ಕಾಣುವುದು ಹಣೆಯ ಹಿಂದಿನ ಮೇಲ್ಪದರ ಮಾತ್ರ. ಕೈಕಾಲು ಆಡಿಸುವ ಭಾಗ ಇನ್ನೂ ಹಿಂದೆ, ಕೂದಲಿನ ಕೆಳಗಿದೆ. ಒಂದೇ ಬದಿಯ ಸಂಖ್ಯೆ ಗಂಟೆಗಂಟೆಗೆ ಹೇಗೆ ಬದಲಾಗುತ್ತದೆ ಎಂಬುದಷ್ಟೇ ನಮಗೆ ಉಪಯೋಗ. ನಾನಂತೂ ಪರದೆ ನೋಡುವ ಮೊದಲು, ಬಲಗೈ ಬೆರಳು ಅಲ್ಲಾಡಿಸಿ ಎಂದು ರೋಗಿಗೇ ಹೇಳುತ್ತೇನೆ.

ಬ್ರಹ್ಮಾವರದ ಸದಸ್ಯೆ: ಹಾಗಾದರೆ ರಕ್ತದ ಹರಿವನ್ನೇ ಬೆಳಕಿನಿಂದ ಅಳೆಯಲು ಬರುವುದಿಲ್ಲವೇ?

ವೈದ್ಯ: ಬರುತ್ತದೆ, ಆದರೆ ಹೆಚ್ಚಾಗಿ ಸಂಶೋಧನೆಯಲ್ಲಿ. ಲೇಸರ್ ಬೆಳಕು ತಲೆಯೊಳಗೆ ಚದುರಿ ಹೊರಬಂದಾಗ ಮರಳು ಎರಚಿದಂಥ ಚುಕ್ಕೆಗಳು ಮೂಡುತ್ತವೆ. ರಕ್ತಕಣಗಳು ಜೋರಾಗಿ ಓಡಿದಷ್ಟೂ ಚುಕ್ಕೆಗಳ ಮಿನುಗು ಚುರುಕಾಗುತ್ತದೆ; ಅದರಿಂದ ಹರಿವಿನ ಅಂದಾಜು. ಹೀಗೆ ಅಳೆದಾಗ, ಹಾಸಿಗೆಯನ್ನು ಮಟ್ಟಸ ಮಾಡಿದರೆ ಹೆಚ್ಚಿನ ರೋಗಿಗಳಲ್ಲಿ ಹರಿವು ಏರಿತು, ಕೆಲವರಲ್ಲಿ ಇಳಿಯಿತು.

ಕಾಪು: ಅಮ್ಮ ದಿಂಬು ಏರಿಸಿ ಎಂದು ನರ್ಸ್ ಹಿಂದೆ ಬಿದ್ದಿದ್ದಾರೆ!

ವೈದ್ಯ: 11,093 ರೋಗಿಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೊದಲ 24 ಗಂಟೆ ಮಟ್ಟಸ ಮಲಗಿಸಿದವರಿಗೂ ತಲೆ ಎತ್ತರಿಸಿದವರಿಗೂ ಮೂರು ತಿಂಗಳ ಬಳಿಕ ಅಂಗವೈಕಲ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ದಿಂಬನ್ನು ವಾರ್ಡಿನವರಿಗೇ ಬಿಡಿ. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ನೀರು, ಗಂಜಿ ಏನನ್ನೂ ಹಾಕಬೇಡಿ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಕಾಪು: ಅಯ್ಯೋ, ಫ್ಲಾಸ್ಕಿನಲ್ಲಿ ಗಂಜಿ ತಿಳಿ ಆಗಲೇ ಬಂದಾಗಿದೆ.

ವೈದ್ಯ: ನೀವೇ ಕುಡಿಯಿರಿ. ರಾತ್ರಿಯೆಲ್ಲ ಕುಳಿತಿರಬೇಕಲ್ಲ.